ಜೇಡ್ ಪದಕದಲ್ಲಿ ಬಾವಲಿ ಇದ್ದರೆ ಅಪಶಕುನವೇ?

ಚೀನಾದಿಂದ ಸ್ನೇಹಿತರು ತಂದುಕೊಟ್ಟ ಜೇಡ್ ಕಲ್ಲಿನ ಪದಕದಲ್ಲಿ ತಲೆಕೆಳಗಾದ ಬಾವಲಿ ಇದೆ, ಮನೆಯಲ್ಲಿ ಬೇಡ ಅಂತಿದ್ದಾರೆ, ಹಾಕಿಕೊಳ್ಳಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಹಾಕಿಕೊಳ್ಳಿ. ಅದು ನಿಮಗೆ ಒಳ್ಳೆಯದಾಗಲಿ ಎಂದು ಹಾರೈಸುವ ಪದಕ.

ನಮ್ಮಲ್ಲಿ ಬಾವಲಿ ಮನೆಯೊಳಗೆ ನುಗ್ಗಿದರೆ ಹಿರಿಯರು ಗಾಬರಿಯಾಗುತ್ತಾರೆ, ಅಲ್ವಾ? ಚೀನಾದಲ್ಲಿ ಅದೇ ಪ್ರಾಣಿ ಶುಭ. ಕಾರಣ ಅದರ ಹೆಸರು. ನಾನು ಚೀನೀ ಭಾಷೆ ಕಲಿಯಲು ಶುರು ಮಾಡಿದ ಮೇಲೆಯೇ ನನಗೂ ಇದು ಅರ್ಥವಾಗಿದ್ದು. ಬಾವಲಿಯ ಹೆಸರಿನಲ್ಲಿ ಬರುವ ‘ಫೂ’ ಎಂಬ ಉಲಿಯೇ ಅದೃಷ್ಟಕ್ಕೂ ಇದೆ. ಬರೆಯುವ ಅಕ್ಷರ ಬೇರೆ, ಕಿವಿಗೆ ಕೇಳುವುದು ಒಂದೇ. ಇನ್ನು ತಲೆಕೆಳಗು ಎನ್ನುವುದಕ್ಕೆ ‘ದಾವ್’. ‘ಬಂದು ತಲುಪಿತು’ ಎನ್ನುವುದಕ್ಕೂ ‘ದಾವ್’. ಹಾಗಾಗಿ ತಲೆಕೆಳಗಾದ ಬಾವಲಿ ಎಂದರೆ ‘ಅದೃಷ್ಟ ಬಂತು’. ಐದು ಬಾವಲಿಗಳಿದ್ದರೆ ಐದು ಭಾಗ್ಯ: ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ, ಸದ್ಗುಣದ ಮೇಲಿನ ಪ್ರೀತಿ, ಕೊನೆಗೆ ನೆಮ್ಮದಿಯ ಸಾವು. ಆ ಕೊನೆಯದನ್ನೂ ಭಾಗ್ಯದ ಲೆಕ್ಕಕ್ಕೆ ಸೇರಿಸಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟ.

ಮೀನು, ಜಿಂಕೆಗಳದ್ದೂ ಇದೇ ಕಥೆ. ಮೀನಿನ ಹೆಸರು ‘ಯೂ’, ಉಂಡು ಮಿಗುವಷ್ಟು ಎನ್ನುವುದಕ್ಕೂ ‘ಯೂ’. ಜಿಂಕೆಯ ‘ಲೂ’ ಸರ್ಕಾರಿ ಅಧಿಕಾರಿಯ ಸಂಬಳವನ್ನು ನೆನಪಿಸುತ್ತದೆ.

ಆದರೆ ಎಲ್ಲವೂ ಮಾತಿನ ಆಟವಲ್ಲ. ಜೀರುಂಡೆಯನ್ನೇ ನೋಡಿ. ಅದರ ಮರಿ ವರ್ಷಗಟ್ಟಲೆ ಮಣ್ಣಿನೊಳಗಿದ್ದು, ಒಂದು ದಿನ ಹೊರಬಂದು, ಪೊರೆ ಕಳಚಿ ಹಾರುತ್ತದೆ. ಸುಮಾರು 2,000 ವರ್ಷಗಳ ಹಿಂದೆ, ಹಾನ್ ರಾಜವಂಶದ ಕಾಲದಲ್ಲಿ, ಸತ್ತವರ ನಾಲಗೆಯ ಮೇಲೆ ಜೇಡ್‌ನ ಜೀರುಂಡೆ ಇಟ್ಟು ಹೂಳುತ್ತಿದ್ದರು. ಇವರೂ ಹಾಗೆಯೇ ಮತ್ತೆ ಹುಟ್ಟಿಬರಲಿ ಎಂಬ ಆಸೆ. ಕೆತ್ತನೆ ಬಹಳ ಸರಳ, ನಾಲ್ಕಾರು ನೇರ ಗೆರೆ, ಅಷ್ಟೇ. ಜೇಡ್ ಉಳಿಗೆ ಬಗ್ಗುವ ಕಲ್ಲಲ್ಲ. ಗಟ್ಟಿ ಮರಳು, ನೀರು ಹಾಕಿ ಉಜ್ಜಿ ಉಜ್ಜಿಯೇ ಆಕಾರ ತರಬೇಕು. ಆ ಒಂದೊಂದು ಗೆರೆಯ ಹಿಂದೆ ಎಷ್ಟು ತಾಳ್ಮೆ ಇದ್ದಿರಬೇಕು, ಯೋಚಿಸಿ. ಬದುಕಿದ್ದವರು ತೊಡುತ್ತಿದ್ದ ಜೀರುಂಡೆಗಳೂ ಇದ್ದವು. ಅವುಗಳಿಗೆ ದಾರ ಪೋಣಿಸಲು ತೂತು ಇರುತ್ತದೆ, ನಾಲಗೆಯ ಮೇಲೆ ಇಡುವುದಕ್ಕೆ ಅದು ಬೇಕಿರಲಿಲ್ಲ.

ನಿಮ್ಮ ಪದಕವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ. ಬಾವಲಿಯ ಹತ್ತಿರ ಪೀಚ್ ಹಣ್ಣು ಇದ್ದರೆ ಅದೃಷ್ಟದ ಜೊತೆ ಆಯುಸ್ಸನ್ನೂ ಹಾರೈಸಿದ್ದಾರೆ ಎಂದರ್ಥ. ನಡುವೆ ತೂತಿರುವ ನಾಣ್ಯ ಇದ್ದರೆ ‘ಅದೃಷ್ಟ ಕಣ್ಣೆದುರಿಗೇ ಇದೆ’ ಎಂದು. ಆ ತೂತನ್ನು ಅವರು ನಾಣ್ಯದ ಕಣ್ಣು ಎನ್ನುತ್ತಾರೆ.