ಎತ್ತರ ಕಡಿಮೆ ಇರುವ ಹುಡುಗ ವೃತ್ತಿಪರ ಮಿಡ್‌ಫೀಲ್ಡರ್ ಆಗಬಹುದೇ?

ಪ್ರಶ್ನೆ: ‘ನಾನು ಮೂಡಿಗೆರೆ ಕಡೆಯವನು, ವಯಸ್ಸು 15. ಎತ್ತರ ಐದಡಿ ಎರಡಿಂಚು. ಶಾಲೆಯ ಫುಟ್‌ಬಾಲ್ ಟೀಮಿನಲ್ಲಿ ಮಿಡ್‌ಫೀಲ್ಡ್ (ಮೈದಾನದ ಮಧ್ಯದ ಜಾಗ) ಆಡುತ್ತೇನೆ. ಶೂ ಅಣ್ಣನದು, ಸ್ವಲ್ಪ ದೊಡ್ಡದು. ಬೆಂಗಳೂರಿನಲ್ಲಿ ಒಂದು ಟ್ರಯಲ್ಸ್‌ಗೆ ಹೋಗಿದ್ದೆ. ಆಟ ಪರವಾಗಿಲ್ಲ, ಆದರೆ ತುಂಬಾ ಸಣ್ಣಗಿದ್ದೀಯ ಅಂತ ವಾಪಸ್ ಕಳಿಸಿದರು. ಅಪ್ಪ ತೋಟದ ಕೆಲಸದಲ್ಲಿದ್ದಾರೆ. ಮಿಡ್‌ಫೀಲ್ಡರ್ ಆಗಿ ಜೀವನ ಮಾಡಬಹುದಾ, ಇಲ್ಲ ಈಗಲೇ ಬಿಡಲಾ?’

ಬಿಡಬೇಡ ತಮ್ಮಾ.

ನಿನಗೆ ಹದಿನೈದು, ನನಗೆ ನಲವತ್ತೈದು ದಾಟಿದೆ, ಅದಕ್ಕೇ ತಮ್ಮಾ ಅಂತಿದ್ದೀನಿ. ನಾನು ಹಾಸನದವನು. ಬೆಂಗಳೂರಿನ ಕೆಳಗಿನ ಡಿವಿಷನ್‌ಗಳಲ್ಲಿ ಆರು ಸೀಸನ್ ಮಿಡ್‌ಫೀಲ್ಡ್ ಆಡಿದ್ದೇನೆ. ನಿನಗೆ ಹೇಳಿದ ಮಾತನ್ನೇ ನನಗೂ ಹೇಳಿದ್ದರು. ಆ ಮಾತು ಕೇಳಿ ನಾನೊಂದು ತಪ್ಪು ಮಾಡಿದೆ. ಅದನ್ನು ನೀನು ಮಾಡಬಾರದು ಅಂತಲೇ ಇಷ್ಟುದ್ದ ಬರೆಯುತ್ತಿದ್ದೇನೆ.

1997. ಹಾಸನದಿಂದ ಬೆಂಗಳೂರಿಗೆ ಈಗಿನ ನೇರ ರೈಲು ಆಗ ಇರಲಿಲ್ಲ, ಶ್ರವಣಬೆಳಗೊಳದ ಮೇಲಿನ ಮಾರ್ಗ ಪೂರ್ತಿಯಾಗಿದ್ದು 2017ರಲ್ಲಿ. ಕೆಂಪು ಬಸ್ಸು ಹತ್ತಿ ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಹೋದೆ. ಅರ್ಧ ಗಂಟೆ ಆಡಿಸಿದರು. ಆಮೇಲೆ ಆಯ್ಕೆ ಮಾಡುವವರೊಬ್ಬರು ನನ್ನ ಭುಜ ಹಿಡಿದು ನೋಡಿ, ‘ಮೈಕೈ ತುಂಬಿಕೊಂಡು ಬಾ, ಆಮೇಲೆ ನೋಡೋಣ’ ಅಂದರು. ನಾನು ಅದನ್ನೇ ವೇದವಾಕ್ಯ ಅಂದುಕೊಂಡೆ. ಎರಡು ವರ್ಷ ಕಂಬಿಗೆ ಜೋತುಬಿದ್ದೆ, ಮೊಟ್ಟೆ ತಿಂದೆ, ಭಾರ ಎತ್ತಿದೆ. ಚೆಂಡು ಮುಟ್ಟಿದ್ದು ವಾರಕ್ಕೊಂದು ಸಲವೋ ಎರಡು ಸಲವೋ. ಎತ್ತರ ಒಂದಿಂಚು ಹೆಚ್ಚಿತು, ಅದು ಕಂಬಿ ಇಲ್ಲದಿದ್ದರೂ ಹೆಚ್ಚುತ್ತಿತ್ತು. ಕಾಲು ಮಾತ್ರ ಚೆಂಡನ್ನು ಮರೆಯಿತು. ಹದಿನೇಳರಿಂದ ಹತ್ತೊಂಬತ್ತರವರೆಗಿನ ಆ ಎರಡು ವರ್ಷ ಮತ್ತೆ ಸಿಗಲಿಲ್ಲ.

ನಾನು ಹೀಗೆ ಜೋತುಬಿದ್ದಿದ್ದ ಕಾಲದಲ್ಲೇ ಕ್ರೊಯೇಷಿಯಾದ ಝಾದರ್ ಅನ್ನೋ ಸಮುದ್ರತೀರದ ಊರಲ್ಲಿ ಹನ್ನೆರಡು ವರ್ಷದ ಒಬ್ಬ ಸಣಕಲು ಹುಡುಗ ಚೆಂಡು ಒದೆಯುತ್ತಿದ್ದ. ಲೂಕಾ ಮೋಡ್ರಿಚ್. ಹುಟ್ಟಿದ್ದು 1985ರ ಸೆಪ್ಟೆಂಬರ್ 9. ಯುಗೊಸ್ಲಾವಿಯಾ ಒಡೆದು ಅಲ್ಲಿ ಯುದ್ಧ ಶುರುವಾದ ವರ್ಷ ಅವನಿಗೆ ಆರು ತುಂಬಿತು. 1991ರ ಡಿಸೆಂಬರ್‌ನಲ್ಲಿ ಅವನ ತಾತನನ್ನು ಕೊಂದರು. ತಾತನ ಹೆಸರೂ ಲೂಕಾ, ಆ ಹೆಸರನ್ನೇ ಮೊಮ್ಮಗನಿಗೆ ಇಟ್ಟಿದ್ದರು. ಮನೆ ಸುಟ್ಟುಹೋಯಿತು. ಅಪ್ಪ ಸೈನ್ಯಕ್ಕೆ ಸೇರಿದ. ಸಂಸಾರ ಝಾದರ್‌ಗೆ ಬಂದು, ನಿರಾಶ್ರಿತರಿಗೆ ಬಿಟ್ಟುಕೊಟ್ಟಿದ್ದ ಹೋಟೆಲ್ ಕೋಣೆಯಲ್ಲಿ ವರ್ಷಗಟ್ಟಲೆ ಕಳೆಯಿತು. ಹುಡುಗ ಆಡಿದ್ದು ಆ ಹೋಟೆಲಿನ ಪಾರ್ಕಿಂಗ್ ಜಾಗದಲ್ಲಿ.

ಆ ಕಡೆಯ ಹುಡುಗರಿಗೆಲ್ಲ ಸ್ಪ್ಲಿಟ್ ನಗರದ ಹೈದುಕ್ ಕ್ಲಬ್ ಸೇರುವುದೇ ದೊಡ್ಡ ಕನಸು. ಹೈದುಕ್‌ನವರು ಅವನನ್ನು ನೋಡಿ, ತೀರಾ ಸಣ್ಣ, ಬಲ ಸಾಲದು ಅಂತ ಬಿಟ್ಟರು. ಝಾದರ್ ಕ್ಲಬ್ಬಿನ ಯುವ ತಂಡಗಳ ಮುಖ್ಯಸ್ಥ ತೊಮಿಸ್ಲಾವ್ ಬಾಶಿಚ್ ಮಾತ್ರ ಕೈಬಿಡಲಿಲ್ಲ. ಅವರ ಆಸರೆಯಲ್ಲೇ ಬೆಳೆದು, ಹದಿನಾರರ ಹೊತ್ತಿಗೆ ರಾಜಧಾನಿ ಝಾಗ್ರೆಬ್‌ನ ದಿನಾಮೊ ಸೇರಿದ.

ಇಲ್ಲಿಂದ ಮುಂದೆ ಅವನ ಕಥೆ ಹೇಳುವವರೆಲ್ಲ ನೇರ ಸ್ಪೇನಿನ ದೊಡ್ಡ ಕ್ಲಬ್ ರಿಯಲ್ ಮ್ಯಾಡ್ರಿಡ್‌ಗೆ ಹಾರಿಬಿಡುತ್ತಾರೆ. ನೀನು ಹಾರಬೇಡ. ನಿನಗೆ ಬೇಕಾದ ವರ್ಷ 2003. ದಿನಾಮೊದವರು ಅವನನ್ನು ತಮ್ಮ ಮೊದಲ ತಂಡದಲ್ಲಿ ಆಡಿಸದೆ, ಲೋನ್ ಮೇಲೆ, ಅಂದರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಪಕ್ಕದ ಬೋಸ್ನಿಯಾದ ಮೊಸ್ತಾರ್ ಊರಿನ ಝ್ರಿನ್‌ಸ್ಕಿ ಕ್ಲಬ್ಬಿಗೆ ಕಳಿಸಿದರು. ಯುದ್ಧ ಮುಗಿದು ಹತ್ತು ವರ್ಷವೂ ಆಗಿರದ ದೇಶ, ಮೈಕೈ ತಾಗಿಸಿ ಒರಟಾಗಿ ಆಡುವ ಲೀಗ್. ಹದಿನೆಂಟರ ಸಣಕಲನನ್ನು ದೊಡ್ಡ ಗಂಡಸರ ಮಧ್ಯೆ ಬಿಟ್ಟಂತಾಯಿತು. ಆ ಸೀಸನ್ ಮುಗಿಯುವಾಗ ಬೋಸ್ನಿಯಾ ಲೀಗಿನ ವರ್ಷದ ಆಟಗಾರ ಅವನೇ. ಅಲ್ಲಿ ಆಡಿದವನು ಎಲ್ಲಿ ಬೇಕಾದರೂ ಆಡಬಲ್ಲ ಅನ್ನೋ ಅರ್ಥದ ಮಾತನ್ನು ಮುಂದೆ ಅವನೇ ಹೇಳಿದ್ದಾನೆ. ಮರುವರ್ಷ ಇಂಟರ್ ಝಾಪ್ರೆಷಿಚ್ ಅನ್ನೋ ಸಣ್ಣ ಕ್ಲಬ್ಬಿಗೆ ಇನ್ನೊಂದು ಲೋನ್. ದಿನಾಮೊದಲ್ಲಿ ದೀರ್ಘ ಕಾಂಟ್ರಾಕ್ಟ್ ಸಿಕ್ಕಿದ್ದು ಆಮೇಲೆ. ಆ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ, ಝಾದರ್‌ನಲ್ಲಿ ಮನೆಯವರಿಗೆ ಒಂದು ಫ್ಲಾಟ್ ಕೊಂಡಿದ್ದು.

ಒರಟು ಮೈದಾನದ ಮಾತು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಸಕಲೇಶಪುರದಲ್ಲೋ ನಿಮ್ಮೂರಲ್ಲೋ ಆಡಿದವರಿಗೆ ಗೊತ್ತು, ಚೆಂಡು ಪುಟಿಯೋದಿಲ್ಲ, ನೀರಿನಲ್ಲಿ ನಿಂತುಬಿಡುತ್ತದೆ. ಎದುರಾಳಿ ಜಾರಿಕೊಂಡು ಬಂದು ಕಾಲಿಗೆ ಬೀಳುತ್ತಾನೆ. ಅಂಥ ಜಾಗದಲ್ಲಿ ಚೆಂಡನ್ನು ಒಂದು ಸೆಕೆಂಡ್ ಹೆಚ್ಚು ಇಟ್ಟುಕೊಂಡರೂ ಹೊಡೆತ ತಪ್ಪಿದ್ದಲ್ಲ. ಸಣ್ಣ ಮೈಯವನು ಬೇಗ ಯೋಚಿಸಲು ಕಲಿಯುವುದು ಅಲ್ಲೇ.

ಉಳಿದದ್ದು ಚುಟುಕಾಗಿ ಹೇಳುತ್ತೇನೆ, ವಿಡಿಯೊಗಳಲ್ಲಿ ನೀನೇ ನೋಡಿಕೊಳ್ಳಬಹುದು. 2008ರಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್. ಅಲ್ಲೂ ಮೊದಮೊದಲು ಈ ಮೈಕಟ್ಟಿಗೆ ಇಂಗ್ಲಿಷ್ ಆಟ ಆಗೋದಿಲ್ಲ ಅಂದರು. 2012ರಲ್ಲಿ ರಿಯಲ್ ಮ್ಯಾಡ್ರಿಡ್. ಆ ವರ್ಷದ ಕೊನೆಗೆ ಸ್ಪೇನಿನ ಕ್ರೀಡಾ ಪತ್ರಿಕೆಯೊಂದರ ಓದುಗರು ಆ ಸೀಸನ್ನಿನ ಅತಿ ಕೆಟ್ಟ ಖರೀದಿ ಅಂತ ಅವನಿಗೇ ಓಟು ಹಾಕಿದರು. ಅದೇ ಆಟಗಾರ ಅಲ್ಲಿ 13 ವರ್ಷ ಆಡಿ ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗನ್ನು ಆರು ಸಲ ಗೆದ್ದ. 2018ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ ನಾಕೌಟ್‌ನ ಮೂರು ಪಂದ್ಯಗಳನ್ನೂ ಹೆಚ್ಚುವರಿ ಸಮಯದವರೆಗೆ ಎಳೆದುಕೊಂಡು ಹೋಗಿ ಫೈನಲ್ ಮುಟ್ಟಿತು, ಫ್ರಾನ್ಸ್‌ಗೆ 4-2ರಿಂದ ಸೋತಿತು. ಟೂರ್ನಿಯ ಶ್ರೇಷ್ಠ ಆಟಗಾರ ಮೋಡ್ರಿಚ್. ಲೋಕದ ಶ್ರೇಷ್ಠ ಆಟಗಾರನಿಗೆ ಕೊಡುವ ಆ ವರ್ಷದ ಬ್ಯಾಲನ್ ಡಿ’ಓರ್ ಕೂಡ ಅವನಿಗೇ ಬಂತು, ಮೆಸ್ಸಿ ಮತ್ತು ರೊನಾಲ್ಡೊ ಬಿಟ್ಟು ಬೇರೊಬ್ಬನಿಗೆ ಅದು ಸಿಕ್ಕಿದ್ದು ಹತ್ತು ವರ್ಷದ ಮೇಲೆ. 2025ರಲ್ಲಿ ನಲವತ್ತರ ಹೊಸ್ತಿಲಲ್ಲಿ ಇಟಲಿಯ ಎಸಿ ಮಿಲಾನ್ ಸೇರಿದ. ಅವನ ಎತ್ತರ 172 ಸೆಂಟಿಮೀಟರ್, ಐದಡಿ ಏಳೂ ಮುಕ್ಕಾಲು ಇಂಚಿನ ಹತ್ತಿರ. ನಿನಗೆ ಇನ್ನೂ ಬೆಳೆಯುವ ವರ್ಷಗಳಿವೆ.

ಒಂದು ಪಾಸ್ ಬಗ್ಗೆ ಮಾತ್ರ ನಿಧಾನವಾಗಿ ಹೇಳಲೇಬೇಕು. 2022ರ ಏಪ್ರಿಲ್, ಇಂಗ್ಲೆಂಡಿನ ಚೆಲ್ಸಿ ಕ್ಲಬ್ ವಿರುದ್ಧ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್. ಆ ರಾತ್ರಿ ಮ್ಯಾಡ್ರಿಡ್ ತನ್ನದೇ ಮೈದಾನದಲ್ಲಿ 3-0 ಹಿಂದೆ. 80ನೇ ನಿಮಿಷ. ಮೋಡ್ರಿಚ್ ಎಡಬದಿಯಲ್ಲಿದ್ದಾನೆ, ವಯಸ್ಸು 36. ಬಲಗಾಲಿನ ಹೊರಬದಿಯಿಂದ ಚೆಂಡನ್ನು ಬಾಗಿಸಿ, ರಕ್ಷಣಾ ಸಾಲಿನ ತಲೆಯ ಮೇಲಿಂದ, ಓಡಿ ಬರುತ್ತಿದ್ದ ಜೊತೆಯಾಟಗಾರ ರೋಡ್ರಿಗೊನ ಕಾಲಿಗೇ ಇಳಿಸುತ್ತಾನೆ. ಗೋಲ್. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಆ ಕ್ವಾರ್ಟರ್‌ಫೈನಲ್‌ನ ಎರಡೂ ಪಂದ್ಯಗಳ ಗೋಲ್ ಸೇರಿಸಿ ಮ್ಯಾಡ್ರಿಡ್ 5-4ರಿಂದ ದಾಟಿಕೊಂಡಿತು. ನೋಡುವವರೆಲ್ಲ ಆ ಕಾಲನ್ನೇ ನೋಡುತ್ತಾರೆ. ನೀನು ಹಿಂದಕ್ಕೆ ತಿರುಗಿಸಿ ಅವನ ತಲೆ ನೋಡು. ಯಾರು ಎಲ್ಲಿದ್ದಾರೆ ಅನ್ನೋದು ಮೊದಲೇ ಗೊತ್ತಿಲ್ಲದವನು ಅಂಥ ಚೆಂಡನ್ನು ಯೋಚಿಸಲಿಕ್ಕೂ ಆಗೋದಿಲ್ಲ.

ಮಿಡ್‌ಫೀಲ್ಡರ್‌ಗೂ ಉಳಿದವರಿಗೂ ಇರುವ ವ್ಯತ್ಯಾಸ ಇದು. ಡಿಫೆಂಡರ್‌ಗೆ ಆಟ ಹೆಚ್ಚಾಗಿ ಎದುರಿಗಿರುತ್ತದೆ. ನಮಗೆ ನಾಲ್ಕೂ ಕಡೆಯಿಂದ ಬರುತ್ತದೆ, ಅರ್ಧ ಆಟ ಬೆನ್ನ ಹಿಂದೆ ನಡೆಯುತ್ತದೆ. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್, ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ವಿಡಿಯೊ ಹಿಡಿದು, ಚೆಂಡು ಕಾಲಿಗೆ ಬರುವ ಮೊದಲು ಯಾರ್‍ಯಾರು ಎಷ್ಟು ಸಲ ಕತ್ತು ತಿರುಗಿಸಿ ಸುತ್ತ ನೋಡುತ್ತಾರೆ ಅಂತ ಎಣಿಸಿದರು. ಹೆಚ್ಚು ಸಲ ನೋಡುವವರ ಪಾಸ್ ಹೆಚ್ಚು ಸಲ ಸರಿಯಾದ ಕಾಲಿಗೆ ಸೇರುತ್ತಿತ್ತು. ಇಂಗ್ಲೆಂಡಿನ ಮಿಡ್‌ಫೀಲ್ಡರ್ ಫ್ರಾಂಕ್ ಲ್ಯಾಂಪಾರ್ಡ್ ಆ ಎಣಿಕೆಯಲ್ಲಿ ಎಲ್ಲರಿಗಿಂತ ಮುಂದಿದ್ದವರಲ್ಲೊಬ್ಬ.

ನನಗಿದನ್ನು ಕಲಿಸಿದ ಕೋಚ್ ಒಂದು ಡಿಪಾರ್ಟ್‌ಮೆಂಟ್ ಟೀಮಿನಲ್ಲಿ ಆಡಿ ರಿಟೈರ್ ಆಗಿದ್ದ ಹಿರಿಯರು. ಅವರ ಬಾಯಲ್ಲಿ ಒಂದೇ ಪದ, ‘ಕತ್ತು!’ ತೊಂಬತ್ತು ನಿಮಿಷವೂ ಗೆರೆಯಾಚೆಯಿಂದ ‘ಕತ್ತು! ಕತ್ತು!’ ಆಗ ನನಗೆ ಇಪ್ಪತ್ತೊಂದು. ಕಲಿತೆ, ಆದರೆ ಅದು ಕೊನೆತನಕ ನೆನಪಿಟ್ಟುಕೊಂಡು ಮಾಡುವ ಕೆಲಸವಾಗಿಯೇ ಉಳಿಯಿತು. ಹದಿನೈದಕ್ಕೆ ಕಲಿತವನಿಗೆ ಅದು ಉಸಿರಾಟದ ಹಾಗೆ ತಾನಾಗಿ ಆಗುತ್ತದೆ. ಕಂಬಿಗೆ ಜೋತುಬಿದ್ದ ಆ ಎರಡು ವರ್ಷ ನಾನು ಕತ್ತು ತಿರುಗಿಸಿದ್ದರೆ ಅನ್ನೋ ಯೋಚನೆ ಈಗಲೂ ಬರುತ್ತದೆ.

ಹೇಗೆ ಮಾಡೋದು ಅಂದರೆ, ನಿಮ್ಮ ಕಡೆ ತೋಟಗಳಲ್ಲಿ ಕಾಫಿ ಕಣ ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಕೊಯ್ಲಿನ ತಿಂಗಳುಗಳು ಬಿಟ್ಟರೆ ಖಾಲಿ, ನೆಲ ಸಮ, ಪಕ್ಕದಲ್ಲೇ ಗೋದಾಮಿನ ಗೋಡೆ. ತೋಟದವರನ್ನು ಅಪ್ಪನ ಕೈಲಿ ಒಂದು ಮಾತು ಕೇಳಿಸು. ಗೋಡೆಗೆ ಎಂಟು ಹೆಜ್ಜೆ ದೂರ ನಿಲ್ಲು. ನಿನ್ನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅಣ್ಣ ನಿಲ್ಲಲಿ. ನೀನು ಗೋಡೆಗೆ ಒದೆ. ಚೆಂಡು ವಾಪಸ್ ಬರುವಷ್ಟರಲ್ಲಿ ಅಣ್ಣ ಬೆರಳು ತೋರಿಸುತ್ತಾನೆ, ನೀನು ಹೆಗಲ ಮೇಲಿಂದ ನೋಡಿ ಎಷ್ಟು ಅಂತ ಕೂಗಬೇಕು, ಆಮೇಲೆ ಚೆಂಡು ಹಿಡಿಯಬೇಕು. ಒಂದು ವಾರ ಆದಮೇಲೆ ಅಣ್ಣ ಎಡಕ್ಕೋ ಬಲಕ್ಕೋ ಸರಿಯಲಿ, ನೀನು ಮೊದಲ ಸ್ಪರ್ಶದಲ್ಲೇ ಅವನಿಲ್ಲದ ಕಡೆಗೆ ತಿರುಗಬೇಕು. ಬಲಗಾಲಿಗೆ ನೂರು, ಎಡಗಾಲಿಗೆ ನೂರು, ದಿನಾ. ಮಳೆಗಾಲದಲ್ಲಿ ಕಣಕ್ಕೆ ಪಾಚಿ ಕಟ್ಟುತ್ತದೆ, ಆಗ ಅಲ್ಲಿ ಕಾಲಿಡಬೇಡ. ಶಾಲೆಯ ವರಾಂಡದ ಗೋಡೆ ಸಾಕು.

ಎತ್ತರಕ್ಕೆ ಬೆಲೆಯೇ ಇಲ್ಲ ಅಂತಲೂ ನಾನು ಹೇಳೋದಿಲ್ಲ. ಮಣಿಪುರದ ಜೀಕ್ಸನ್ ಸಿಂಗ್ ಕೂಡ ಮಿಡ್‌ಫೀಲ್ಡರ್. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು, ಫಿಫಾ ವಿಶ್ವಕಪ್‌ಗಳಲ್ಲೇ ಭಾರತದ ಮೊದಲ ಗೋಲ್ ಹೊಡೆದ. ಆ ಗೋಲಿಗೆ ಅವನ ಎತ್ತರ ಬೇಕಿತ್ತು. ಆದರೆ ಹದಿನೈದರಲ್ಲಿ ಕಾಣುವ ಎತ್ತರಕ್ಕೆ ಇನ್ನೊಂದು ಕಾರಣವಿದೆ. ವಯಸ್ಸಿನ ಗುಂಪು ಮಾಡುವಾಗ ಜನವರಿಯಲ್ಲಿ ಹುಟ್ಟಿದವನನ್ನೂ ಅದೇ ವರ್ಷ ಡಿಸೆಂಬರ್‌ನಲ್ಲಿ ಹುಟ್ಟಿದವನನ್ನೂ ಒಟ್ಟಿಗೆ ನಿಲ್ಲಿಸುತ್ತಾರೆ. ಆ ಹನ್ನೊಂದು ತಿಂಗಳನ್ನು ಆಯ್ಕೆ ಮಾಡುವವರು ಎಷ್ಟೋ ಸಲ ಪ್ರತಿಭೆ ಅಂದುಕೊಳ್ಳುತ್ತಾರೆ. ಲೋಕದ ತುಂಬ ಇದು ಹೀಗೇ. ನೀನು ಯಾವ ತಿಂಗಳಲ್ಲಿ ಹುಟ್ಟಿದ್ದು ಅಂತ ಬರೆದಿಲ್ಲ, ವರ್ಷದ ಕೊನೆಯಲ್ಲಾದರೆ ಆ ಟ್ರಯಲ್ಸ್‌ನವರ ಮಾತಿಗೆ ಇನ್ನೂ ಕಡಿಮೆ ಬೆಲೆ ಕೊಡು. ಯಾರಾದರೂ ಹುಟ್ಟಿದ ದಿನಾಂಕ ತಿದ್ದೋಣ, ಚಿಕ್ಕವರ ಗುಂಪಿಗೆ ಹಾಕಿಸೋಣ ಅಂದರೆ ಒಪ್ಪಲೇಬೇಡ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಪರೀಕ್ಷಿಸುತ್ತಾರೆ, ಸಿಕ್ಕಿಬಿದ್ದರೆ ಆಟವೇ ಹೋಗುತ್ತದೆ.

ಈಗ ಜೀವನದ ಪ್ರಶ್ನೆ. ನಾನು ಆಡುವಾಗ ಕೈಗೆ ಸಿಗುತ್ತಿದ್ದದ್ದು ಓಡಾಟದ ಖರ್ಚು, ಊಟ, ಗೆದ್ದರೆ ಸ್ವಲ್ಪ ದುಡ್ಡು. ನನಗಿಂತ ಹಿಂದಿನವರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ಟೀಮಿನಲ್ಲಿ ಆಡಿದರೆ ನೌಕರಿಯೂ ಸಿಗುತ್ತಿತ್ತು. ಈಗಿನ ದಾರಿ ಬೇರೆ. ರಾಜ್ಯ ಫುಟ್‌ಬಾಲ್ ಸಂಸ್ಥೆ ಬೆಂಗಳೂರಿನಲ್ಲಿ ಕೆಳಗಿನ ಡಿವಿಷನ್‌ಗಳಿಂದ ಹಿಡಿದು ಸೂಪರ್ ಡಿವಿಷನ್‌ವರೆಗೆ ಲೀಗ್ ನಡೆಸುತ್ತದೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಒಂದು ಸಲ ಹೋಗಿ ಕೂತು ಪಂದ್ಯ ನೋಡು. ಯಾವ ಕ್ಲಬ್ ಸೇರಿದರೂ ರಾಷ್ಟ್ರೀಯ ಫೆಡರೇಶನ್ನಿನ ಸಿಆರ್‌ಎಸ್ (ಆಟಗಾರರ ಕೇಂದ್ರೀಕೃತ ನೋಂದಣಿ ವ್ಯವಸ್ಥೆ) ನೋಂದಣಿ ನಿನ್ನ ಹೆಸರಿನಲ್ಲಿ ಆಗಿದೆಯಾ ಅಂತ ಕೇಳಿ ಖಾತ್ರಿ ಮಾಡಿಕೋ. ಸೂಪರ್ ಡಿವಿಷನ್‌ನಲ್ಲಿ ಕಣ್ಣಿಗೆ ಬಿದ್ದರೆ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಗೆ ಹೋಗುವ ನಮ್ಮ ರಾಜ್ಯ ತಂಡದ ಬಾಗಿಲು ತೆರೆಯುತ್ತದೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಆ ಟ್ರೋಫಿ ಗೆದ್ದಿತು, 54 ವರ್ಷದ ಮೇಲೆ. ಅವತ್ತು ರಾತ್ರಿ ನಾನು ಫೋನ್ ಹಿಡಿದುಕೊಂಡು ಅತ್ತಿದ್ದೆ.

ಎಲ್ಲಕ್ಕಿಂತ ಮೇಲಿನ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಸಂಬಳ ಒಳ್ಳೆಯದು, ಆದರೆ ಅಲ್ಲಿಗೆ ತಲುಪುವವರು ಬೆರಳೆಣಿಕೆಯಷ್ಟು. ತಲುಪಿದವರಿಗೂ ನಿಶ್ಚಿಂತೆ ಇಲ್ಲ. 2025ರ ಜುಲೈನಲ್ಲಿ ಲೀಗ್ ನಡೆಸುವ ಹಕ್ಕುಗಳ ಒಪ್ಪಂದದ ತಕರಾರಿನಿಂದ ಇಡೀ ಸೀಸನ್ನನ್ನೇ ತಡೆಹಿಡಿದರು, ಕಾಂಟ್ರಾಕ್ಟ್ ಇದ್ದ ಆಟಗಾರರೂ ಮುಂದೇನು ಅಂತ ಗೊತ್ತಿಲ್ಲದೆ ಕೂರಬೇಕಾಯಿತು. ಅದಕ್ಕೇ ಎಸ್ಎಸ್ಎಲ್‌ಸಿ, ಪಿಯುಸಿ ಬಿಡಬೇಡ. ನನ್ನ ಆಟ ನಿಂತದ್ದು ಮಂಡಿಯ ಲಿಗಮೆಂಟ್ ಹರಿದು, ಒಂದೇ ಸಂಜೆಯಲ್ಲಿ. ಡಿಗ್ರಿ ಇದ್ದದ್ದಕ್ಕೆ ಮರುವರ್ಷ ಒಂದು ಕೆಲಸ ಹಿಡಿಯಲು ಆಯಿತು. ಅಪ್ಪನಿಗೂ ಇದನ್ನು ಹೀಗೇ ಹೇಳು. ಓದೂ ನಡೆಯುತ್ತದೆ, ಇಪ್ಪತ್ತು ಇಪ್ಪತ್ತೊಂದರವರೆಗೆ ಆಟಕ್ಕೂ ಕಾಲ ಕೊಡಿ ಅಂತ ಕೇಳು. ಅಷ್ಟರಲ್ಲಿ ಸೂಪರ್ ಡಿವಿಷನ್ ಮುಟ್ಟದಿದ್ದರೆ ಆಗ ಮತ್ತೆ ಕೂತು ಮಾತಾಡಬಹುದು.

ನಾನು ಭಾನುವಾರ ಬೆಳಿಗ್ಗೆ ಹಾಸನದಲ್ಲಿ ಹತ್ತಿಪ್ಪತ್ತು ಹುಡುಗರಿಗೆ ಆಟ ಹೇಳಿಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಮೂಡಿಗೆರೆಯಿಂದ ಬೇಲೂರು ಮೇಲೆ ಬಸ್ಸಿದೆ. ಅಪ್ಪನನ್ನೋ ಅಣ್ಣನನ್ನೋ ಜೊತೆಗೆ ಕರೆದುಕೊಂಡು ಒಂದು ಭಾನುವಾರ ಬಾ. ದೊಡ್ಡ ಶೂ ಹಾಕಿಕೊಂಡು ಮೊದಲ ಸ್ಪರ್ಶ ಕಲಿಯಲು ಆಗೋದಿಲ್ಲ, ಕಾಲು ಒಳಗೆ ಜಾರುತ್ತದೆ. ನಮ್ಮ ಹುಡುಗರಿಗೆ ಚಿಕ್ಕದಾದ ಶೂಗಳು ಒಂದು ಚೀಲದ ತುಂಬ ಇವೆ. ನಿನ್ನ ಕಾಲಿನ ಸೈಜ್ ಎಷ್ಟು ಅಂತ ಕೆಳಗೆ ಬರೆ.