ಅಣ್ಣ ಮೆಚ್ಚಿದ ಆಲ್ಬಂ ನನಗೆ ಹಿಡಿಸಲಿಲ್ಲ, ಸುಳ್ಳು ಹೇಳಲೇ?

ಪ್ರಶ್ನೆ: ನನಗೀಗ 42. ಆರು ವರ್ಷಕ್ಕೆ ದೊಡ್ಡವನಾದ ಅಣ್ಣ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಓದುತ್ತಿದ್ದಾಗ ‘ಬ್ಲ್ಯಾಕ್ ಸ್ಟಾರ್’ ಎಂಬ ಅಮೆರಿಕದ ರ‍್ಯಾಪ್ ಜೋಡಿಯ ಮೊದಲ ಆಲ್ಬಮನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು ರಜೆಗೆ ತಂದಿದ್ದ. ಒಂದೇ ವಾಕ್‌ಮನ್, ಇಬ್ಬರಿಗೂ ಒಂದೊಂದು ಕಿವಿ. ರಜೆ ಮುಗಿಯುವಷ್ಟರಲ್ಲಿ ನನಗೆ ಅಷ್ಟೂ ಬಾಯಿಪಾಠವಾಗಿತ್ತು. 2022ರಲ್ಲಿ ಅವರ ಎರಡನೆಯ ಆಲ್ಬಂ ಬಂದಾಗ ಖುಷಿಯಿಂದ ಫೈಲ್ ಕಳಿಸಿದ. ನನಗೆ ಹಿಡಿಸಲಿಲ್ಲ. ಕಸಿನ್‌ಗಳ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ರಿಟೈರ್ಡ್ ಮೇಷ್ಟ್ರುಗಳು ಪಾರ್ಕ್ ಬೆಂಚಿನ ಮೇಲೆ ಗೊಣಗಿದ ಹಾಗಿದೆ, ಅಣ್ಣನ ವಯಸ್ಸಿಗೆ ಸರಿ’ ಎಂದು ಬರೆದೆ. ಎಲ್ಲರೂ ನಕ್ಕರು. ಅಣ್ಣ ಗ್ರೂಪ್ ಬಿಟ್ಟ. ಅಂದಿನಿಂದ ಅಮ್ಮನ ಹತ್ತಿರ ಮಾತಾಡಿ ಫೋನ್ ಇಟ್ಟುಬಿಡುತ್ತಾನೆ. ಮುಂದಿನ ತಿಂಗಳು ನನ್ನ ಮಗನ ಉಪನಯನಕ್ಕೆ ಬರುತ್ತಿದ್ದಾನೆ. ‘ಮತ್ತೆ ಕೇಳಿದೆ, ತುಂಬಾ ಚೆನ್ನಾಗಿದೆ’ ಎಂದುಬಿಡಲೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ‘ಹೌದಾ? ಯಾವ ಹಾಡು?’ ಎಂದು ಅಣ್ಣ ತಿರುಗಿ ಕೇಳಿದರೆ ತಬ್ಬಿಬ್ಬಾಗುತ್ತೀರಿ. ನಿಮಗೆ ಕೇಳುವುದನ್ನು ಕಲಿಸಿದವನೇ ಅವನು. ಅವನೆದುರು ಈ ಸುಳ್ಳು ಎರಡು ನಿಮಿಷವೂ ನಿಲ್ಲುವುದಿಲ್ಲ.

ಆಲ್ಬಂ ಹಿಡಿಸದೇ ಇದ್ದದ್ದು ತಪ್ಪೇ ಅಲ್ಲ. ಅಮೆರಿಕದಲ್ಲೂ ಅದನ್ನು ಕಾದು ಕೂತವರು ಎರಡು ಪಾಲಾದರು. 1998ರ ಸೆಪ್ಟೆಂಬರ್‌ನಲ್ಲಿ ಮೊದಲನೆಯದು ಬಂದಾಗ ಈ ಜೋಡಿಯ ಮೋಸ್ ಡೆಫ್‌ಗೆ 24, ತಾಲಿಬ್ ಕ್ವೇಲಿಗೆ ಇನ್ನೂ 23 ತುಂಬಿರಲಿಲ್ಲ. ಹೆಸರಾಂತ ರ‍್ಯಾಪರ್‌ಗಳಾದ ಟುಪಾಕ್ ಮತ್ತು ಬಿಗ್ಗಿ ಇಬ್ಬರೂ ಆರು ತಿಂಗಳ ಅಂತರದಲ್ಲಿ ಗುಂಡಿಗೆ ಬಲಿಯಾಗಿ ಹೆಚ್ಚು ದಿನವಾಗಿರಲಿಲ್ಲ. ಬ್ರೂಕ್ಲಿನ್ನಿನ ಈ ಹುಡುಗರು ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯ ಹಡಗು ಕಂಪನಿಯ ಹೆಸರಿಟ್ಟುಕೊಂಡು ಬಂದು, ಆ ಸಾವುಗಳನ್ನೇ ಎತ್ತಿಕೊಂಡು ಹಾಡಿದರು. ಹೆಚ್ಚಿನ ಹಾಡುಗಳಿಗೆ ಬೀಟ್, ಅಂದರೆ ರ‍್ಯಾಪ್‌ನ ಹಿಂದೆ ನುಡಿಯುವ ಸಂಗೀತ, ಕೊಟ್ಟವನು ಹೈ-ಟೆಕ್ ಎಂಬ ಸಂಗೀತ ನಿರ್ಮಾಪಕ. ಆಮೇಲೆ ಎರಡನೆಯದು ಬರುತ್ತದೆ, ಬರುತ್ತದೆ ಎನ್ನುತ್ತಲೇ ವರ್ಷಗಳು ಕಳೆದವು. ಮೋಸ್ ಡೆಫ್ ಹೆಸರು ಬದಲಿಸಿಕೊಂಡು ಯಾಸೀನ್ ಬೇ ಆದ. ಕೊನೆಗೆ 2022ರ ಮೇನಲ್ಲಿ ‘ನೋ ಫಿಯರ್ ಆಫ್ ಟೈಮ್’ ಬಂತು. ಒಂಬತ್ತೇ ಹಾಡು, ಬೀಟ್ ಕೊಟ್ಟವನು ಹೈ-ಟೆಕ್ ಬದಲು ಮ್ಯಾಡ್‌ಲಿಬ್. ಅದೂ ಅಂಗಡಿಗಲ್ಲ, ಎಲ್ಲರ ಫೋನಿನಲ್ಲಿರುವ ಆ್ಯಪ್‌ಗಳಿಗೂ ಅಲ್ಲ; ಚಂದಾ ಕಟ್ಟಬೇಕಾದ ಲ್ಯೂಮಿನರಿ ಎಂಬ ಪಾಡ್‌ಕಾಸ್ಟ್ ಆ್ಯಪ್‌ಗೆ. ಅರ್ಧ ಸಿಟ್ಟು ಬಂದದ್ದೇ ಇದಕ್ಕೆ. ನಾನೂ ಆ ಸಿಟ್ಟಿನ ಪರವೇ. ಇಷ್ಟು ವರ್ಷ ಕಾಯಿಸಿ ಬಾಗಿಲಲ್ಲಿ ಟಿಕೆಟ್ ಕೇಳುವುದು ಯಾವ ನ್ಯಾಯ?

ಸಂಗೀತದ ವಿಚಾರಕ್ಕೆ ಬಂದರೆ, ಮ್ಯಾಡ್‌ಲಿಬ್ ಬೀಟನ್ನು ತೊಳೆದು ಒರೆಸಿ ಇಡುವವನಲ್ಲ. ಹಳೆಯ ರೆಕಾರ್ಡಿನ ಒಂದು ತುಣುಕನ್ನು ಧೂಳಿನ ಸಮೇತ ಸುತ್ತಿಸುತ್ತಾನೆ, ಡ್ರಮ್ ಎಷ್ಟೋ ಕಡೆ ಹಿಂದೆಲ್ಲೋ ಇರುತ್ತದೆ. ಅದರ ಮೇಲೆ 48ರ, 46ರ ಗಂಡಸರಿಬ್ಬರು ತಗ್ಗಿದ ದನಿಯಲ್ಲಿ ರ‍್ಯಾಪ್ ಮಾಡುತ್ತಾರೆ. ಹಾಸ್ಯಗಾರ ಡೇವ್ ಶಪೆಲ್ ಕಾರ್ಯಕ್ರಮಗಳ ಹಿಂದೆ ಊರೂರು ಸುತ್ತುತ್ತಾ ಹೋಟೆಲ್ ಕೋಣೆಗಳಲ್ಲಿ, ವೇದಿಕೆಯ ಹಿಂಬದಿಯಲ್ಲಿ ಮುದ್ರಿಸಿಕೊಂಡ ಹಾಡುಗಳವು. ಕೆಲವರಿಗೆ ಅದು ಅರೆಬೆಂದದ್ದು ಅನ್ನಿಸಿತು. ಇನ್ನು ಕೆಲವರಿಗೆ ಆ ಆಪ್ತತೆಯೇ ಇಷ್ಟವಾಯಿತು. ನೀವು ಮೊದಲನೆಯ ಪಾಲು, ಅಣ್ಣ ಎರಡನೆಯ ಪಾಲು. ಇಷ್ಟಕ್ಕೆ ಯಾರೂ ಮಾತು ಬಿಡುವುದಿಲ್ಲ.

ಮಾತು ಬಿಟ್ಟದ್ದು ‘ಅಣ್ಣನ ವಯಸ್ಸಿಗೆ ಸರಿ’ ಎಂಬುದಕ್ಕೆ. ಅವನು ಫೈಲ್ ಕಳಿಸಿದ್ದು ನಿಮಗೊಬ್ಬರಿಗೆ, ನೀವು ಉತ್ತರ ಕೊಟ್ಟದ್ದು ಊರಿಗೆಲ್ಲ. ಎಷ್ಟೋ ದೂರದಲ್ಲಿ ಕೂತು, ತಮ್ಮನ ಫೋನ್ ಬರಬಹುದು ಎಂದುಕೊಂಡವನಿಗೆ ಸಿಕ್ಕಿದ್ದು ಕಸಿನ್‌ಗಳ ನಗುವ ಇಮೋಜಿಗಳು. ನಿಮಗೆ ಆಗ ಅದು ತಮಾಷೆ ಅನ್ನಿಸಿದ್ದರಲ್ಲಿ ಅನುಮಾನವಿಲ್ಲ, ಮೇಷ್ಟ್ರುಗಳ ಮಾತಿಗೆ ನನಗೂ ನಗು ಬಂತು. ಆದರೆ ಅಲ್ಲಿಗೇ ನಿಲ್ಲಿಸಬೇಕಿತ್ತು.

ಹಾಗಾಗಿ ಆ ಸಾಲಿಗೆ ಕ್ಷಮೆ ಕೇಳಿ, ಅಭಿಪ್ರಾಯಕ್ಕಲ್ಲ. ಎರಡನ್ನೂ ಕಲಸಬೇಡಿ. ‘ಅಣ್ಣಾ, ಎಲ್ಲರ ಮುಂದೆ ಹಾಗೆ ಬರೆಯಬಾರದಿತ್ತು, ತಪ್ಪಾಯ್ತು’ ಅಷ್ಟು ಸಾಕು. ‘ಆದರೆ ನೀನೂ’ ಎಂದು ಮುಂದುವರಿಸಬೇಡಿ. ಇದನ್ನು ಉಪನಯನದ ತನಕ ಇಟ್ಟುಕೊಳ್ಳಲೂ ಬೇಡಿ. ಅವತ್ತು ಮನೆ ತುಂಬ ಜನ, ನೀವು ಮಣೆ ಬಿಟ್ಟು ಏಳುವ ಹಾಗಿಲ್ಲ, ಅವನು ನಾಲ್ಕು ಜನರೆದುರು ನಕ್ಕು ‘ಬಿಡೋ’ ಎನ್ನಬೇಕಾಗುತ್ತದೆ, ಒಳಗಿನದು ಒಳಗೇ ಉಳಿಯುತ್ತದೆ. ಈ ಭಾನುವಾರವೇ ಫೋನ್ ಮಾಡಿ. ಎತ್ತದಿದ್ದರೆ ನಿಮ್ಮದೇ ದನಿಯಲ್ಲಿ ವಾಯ್ಸ್ ಮೆಸೇಜ್ ಬಿಡಿ. ಟೈಪ್ ಮಾಡಿದ ಮಾತಿನಿಂದಲೇ ಇಷ್ಟಾದದ್ದು.

ಅವನು ಬಂದ ಮೇಲೆ, ಗಲಾಟೆಯೆಲ್ಲ ಮುಗಿದ ಒಂದು ರಾತ್ರಿ, ‘ನಿನಗೆ ಅದರಲ್ಲಿ ಏನು ಹಿಡಿಸಿತು, ಒಂದು ಹಾಡು ಹಾಕು’ ಎಂದು ಕೇಳಿ. ರ‍್ಯಾಪರ್ ಬ್ಲ್ಯಾಕ್ ಥಾಟ್ ಜತೆಗಿರುವ ಹಾಡನ್ನು ಹಾಕುತ್ತಾನೆ ಎಂಬುದು ನನ್ನ ಊಹೆ. ಕೇಳಿಯೂ ಹಿಡಿಸದಿದ್ದರೆ, ಎಲ್ಲಿ ಹಿಡಿಸಲಿಲ್ಲ ಎಂದು ಹೇಳಿ: ಡ್ರಮ್ ಕೇಳಿಸುತ್ತಿಲ್ಲವೋ, ಸಾಲು ಸಡಿಲವಾಯಿತೋ. ಅವನು ವಾದಿಸುತ್ತಾನೆ. ವಾದಿಸಲಿ.

ಅಮ್ಮನ ಕೈಲಿ ಹೇಳಿಸಬೇಡಿ. ಅತ್ತಿಗೆಯನ್ನಂತೂ ನಡುವೆ ತರಲೇಬೇಡಿ. ಈ ಆಲ್ಬಮ್ಮಿನ ವಿಷಯ ಅವರು ಈಗಾಗಲೇ ಸಾಕುಸಾಕಾಗುವಷ್ಟು ಕೇಳಿರುತ್ತಾರೆ.