ಆಪರೇಷನ್ ಇಲ್ಲದೆ ಚರ್ಮದ ಕ್ಯಾನ್ಸರ್ ವಾಸಿಯಾಗುತ್ತದೆಯೇ?

ನಿಮ್ಮ ತಂದೆಯವರ ಬೆನ್ನ ಮೇಲಿನ ಕೆಂಪು ಕಲೆ ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂದಿದೆ, ಈ ವಯಸ್ಸಿನಲ್ಲಿ ಕೊಯ್ಯಿಸದೆ ಬೇರೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ. ನನಗೂ ಬೆನ್ನಿನಲ್ಲೇ ಬಂದಿತ್ತು, ಕ್ರೀಮ್ ಹಚ್ಚಿಯೇ ವಾಸಿಯಾಯಿತು.

ಮೊದಲು ರಿಪೋರ್ಟಿನಲ್ಲಿ 'ಸೂಪರ್‌ಫಿಷಿಯಲ್' ಎಂದು ಬರೆದಿದೆಯೇ ನೋಡಿ. ಮೇಲ್ಪದರದಲ್ಲೇ ಹರಡುವ ಈ ಬಗೆಗೆ ಕ್ರೀಮ್ ಚೆನ್ನಾಗಿ ನಾಟುತ್ತದೆ. ಆಳಕ್ಕೆ ಇಳಿಯುವ ಬಗೆಯಾಗಿದ್ದರೆ, ಅಥವಾ ಕಣ್ಣು, ಮೂಗು, ತುಟಿ, ಕಿವಿಯ ಹತ್ತಿರವಿದ್ದರೆ ಸಾಮಾನ್ಯವಾಗಿ ಕೊಯ್ಯಿಸುವುದೇ ಕ್ಷೇಮ. ಮೆಲನೋಮ ಎಂಬ ಇನ್ನೊಂದು, ಹೆಚ್ಚು ಅಪಾಯಕಾರಿ ಚರ್ಮದ ಕ್ಯಾನ್ಸರಿಗಂತೂ ನಾನು ಹೇಳುವ ಯಾವುದೂ ಅನ್ವಯಿಸುವುದಿಲ್ಲ.

ನನಗೆ ಕೊಟ್ಟದ್ದು ಶೇ. 5ರ ಇಮಿಕ್ವಿಮಾಡ್ ಎಂಬ ಕ್ರೀಮ್. ವಾರಕ್ಕೆ 5 ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ಹೀಗೆ 6 ವಾರ. ಅದು ಕ್ಯಾನ್ಸರ್ ಕೋಶಗಳನ್ನು ತಾನೇ ಸುಡುವುದಿಲ್ಲ, ನಮ್ಮ ರೋಗನಿರೋಧಕ ಶಕ್ತಿಯನ್ನು ಆ ಜಾಗಕ್ಕೆ ಎಬ್ಬಿಸಿ ಕಳಿಸುತ್ತದೆ. ಹಾಗಾಗಿ ಚರ್ಮ ಕೆಂಪೇರಿ, ಊದಿ, ರಸ ಒಸರಿ, ಹಕ್ಕಳೆ ಕಟ್ಟುತ್ತದೆ. ಕೆಲವರಿಗೆ ಜ್ವರ ಬಂದಂತೆ ಮೈಕೈ ನೋವೂ ಇರುತ್ತದೆ. ನೋಡಿದವರೆಲ್ಲ ನಿಲ್ಲಿಸು ಅಂದರು, ನನಗೂ ಹಾಗೇ ಅನ್ನಿಸಿತು. ದಯವಿಟ್ಟು ಆಗ ನೀವಾಗಿ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ. ತೀರಾ ಹೆಚ್ಚಾದರೆ ಕೆಲವು ದಿನ ಬಿಡುವು ಕೊಟ್ಟು ಮುಂದುವರಿಸಲು ಹೇಳುತ್ತಾರೆ. ಅಂಗಾಂಗ ಕಸಿಯಾಗಿದ್ದರೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಬೇರೆಯವೂ ಇವೆ. ಫ್ಲೂರೋಯುರಾಸಿಲ್ ಕ್ರೀಮನ್ನು ದಿನಕ್ಕೆ ಎರಡು ಹೊತ್ತು ಹಚ್ಚುತ್ತಾರೆ. ಫೋಟೊಡೈನಾಮಿಕ್ ಚಿಕಿತ್ಸೆಯಲ್ಲಿ ಔಷಧ ಸವರಿ, ಕೆಲವು ಗಂಟೆ ಬಿಟ್ಟು ಕೆಂಪು ಬೆಳಕು ಹಾಯಿಸುತ್ತಾರೆ. ಆಗ ಉರಿಯುತ್ತದೆ, ಆದರೆ ಗುರುತು ಅಷ್ಟಾಗಿ ಉಳಿಯುವುದಿಲ್ಲ. ನೆದರ್ಲೆಂಡ್ಸ್‌ನಲ್ಲಿ ಈ ಮೂರನ್ನೂ ಹೋಲಿಸಿ ನೋಡಿದಾಗ, 5 ವರ್ಷ ಕಳೆದರೂ ಗಡ್ಡೆ ಮರಳದಿದ್ದವರು ಇಮಿಕ್ವಿಮಾಡ್‌ನಲ್ಲಿ ಶೇ. 80.5, ಫ್ಲೂರೋಯುರಾಸಿಲ್‌ನಲ್ಲಿ ಶೇ. 70, ಬೆಳಕಿನ ಚಿಕಿತ್ಸೆಯಲ್ಲಿ ಶೇ. 62.7. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದೂ ಉಂಟು, ಬಿಳಿ ಕಲೆ ಉಳಿಯಬಹುದು. ರೇಡಿಯೇಷನ್ ಅನ್ನು ಹೆಚ್ಚಾಗಿ ಆಪರೇಷನ್ ತಾಳಲಾರದ ಹಿರಿಯರಿಗೆ ಇಟ್ಟುಕೊಂಡಿರುತ್ತಾರೆ.

ಇದನ್ನೂ ಮುಚ್ಚಿಡಬಾರದು: ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ 5 ವರ್ಷದ ಯಶಸ್ಸು ಇಮಿಕ್ವಿಮಾಡ್‌ಗೆ ಶೇ. 82.5 ಇದ್ದರೆ ಆಪರೇಷನ್‌ಗೆ ಶೇ. 97.7 ಇತ್ತು. ಆದರೂ ನಾನು ಕ್ರೀಮನ್ನೇ ಆರಿಸಿಕೊಂಡೆ. ಈ ಗಡ್ಡೆ ನಿಧಾನವಾಗಿ ಬೆಳೆಯುತ್ತದೆ, ದೇಹದ ಬೇರೆ ಕಡೆಗೆ ಹರಡುವುದು ತೀರಾ ಅಪರೂಪ, ಮರಳಿದರೆ ಆಗ ಕೊಯ್ಯಿಸಬಹುದು. ಅದಕ್ಕೇ ಹುಣ್ಣು ಮಾಗಿದ ಮೇಲೂ ತಪಾಸಣೆ ತಪ್ಪಿಸಬಾರದು. ನಿಮ್ಮ ತಂದೆಯವರಿಗೆ ಬೆನ್ನಿಗೆ ಕೈ ಎಟುಕುತ್ತದೆಯೇ? ಇಲ್ಲವಾದರೆ 6 ವಾರವೂ ರಾತ್ರಿ ಹಚ್ಚಿಕೊಡುವವರು ಯಾರು ಎಂದು ಈಗಲೇ ಗೊತ್ತುಮಾಡಿಕೊಳ್ಳಿ.